ಹಳೆ ಖಾತೆಯ ಬಾಕಿ: ಅಕ್ಕನ ಮಗಳಿಗೊಂದು ಪತ್ರ

ಚಿ. ಸಹನಾ,

ನಿನ್ನ ಅಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. ವಿಜಯನಗರದ ಮನೆ ಬಿಟ್ಟು ವೈಟ್‌ಫೀಲ್ಡಿಗೆ ಹೋದದ್ದು, ಹೊಸ ಕಂಪನಿಯವರು ತಮಗೆ ಬೇಕಾದ ಬ್ಯಾಂಕಿನಲ್ಲಿ ಸಂಬಳದ ಖಾತೆ ತೆರೆಸಿದ್ದು, ಹಳೆ ಖಾತೆಯಲ್ಲಿ ನಾಲ್ಕು ಕಾಸು ಮಾತ್ರ ಉಳಿದದ್ದು, ಸ್ಕೂಟರ್ ಸಾಲದ ಎರಡು ಕಂತು ಬೌನ್ಸ್ ಆದದ್ದು, ಕೊನೆಗೆ ವಸೂಲಿಯವರು ಹಳೆ ಓನರ್ ಮನೆ ಬಾಗಿಲು ತಟ್ಟಿದ್ದು. ಮರ್ಯಾದೆ ಹೋಯಿತು ಅಂತ ನೀನು ಅತ್ತೆಯಂತೆ. ಅಳುವಂಥದ್ದೇನೂ ಆಗಿಲ್ಲ ಮಾರಾಯ್ತಿ. ಆದರೆ ಈ ವಾರವೇ ಮಾಡಬೇಕಾದ ಕೆಲಸಗಳಿವೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿನ್ನಂಥವರನ್ನು ಬಹಳ ನೋಡಿದ್ದೇನೆ; ಅವರಿಗೂ ಉಪಯೋಗಕ್ಕೆ ಬರಲಿ ಅಂತ ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಮನೆ ಬದಲಾಯಿಸುವಾಗ ಹಾಲು ಉಕ್ಕಿಸುವುದಕ್ಕೆ ಒಳ್ಳೆ ದಿನ ನೋಡಿದೆವು, ಗ್ಯಾಸ್ ಕನೆಕ್ಷನ್ ನೆನಪಿಟ್ಟು ವರ್ಗಾಯಿಸಿದೆವು. ಸಾಲ ತೆಗೆದುಕೊಂಡ ದಿನ, ಕಂತು ಖಾತೆಯಿಂದ ತಾನಾಗಿ ಕಡಿತವಾಗಲಿ ಅಂತ ನೀನು ಸಹಿ ಹಾಕಿದ ಮ್ಯಾಂಡೇಟ್ ಯಾರಿಗೂ ನೆನಪಾಗಲಿಲ್ಲ. ಅದು ಕಟ್ಟಿಕೊಂಡಿರುವುದು ನಿನಗಲ್ಲ, ಆ ಖಾತೆ ಸಂಖ್ಯೆಗೆ. ನಿನ್ನ ಸಂಬಳ ಬೇರೆ ಕಡೆ ಬೀಳುತ್ತಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಈ ಕಡಿತಗಳಿಗಾಗಿ ಎನ್‌ಪಿಸಿಐ ನಡೆಸುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ಭಾನುವಾರ, ಹಬ್ಬದ ದಿನ ಅನ್ನದೆ ವಾರದ ಏಳೂ ದಿನ ಓಡುತ್ತದೆ. ‘ಸೋಮವಾರ ಹಾಕಿದರಾಯಿತು’ ಅನ್ನುವ ನಮ್ಮ ಕಾಲದ ಲೆಕ್ಕ ಈಗ ನಡೆಯುವುದಿಲ್ಲ. ಬ್ಯಾಂಕ್ ಮೆಸೇಜ್ ಕಳಿಸಿಯೇ ಇತ್ತು, ಆದರೆ ಹಳೆ ಆಫೀಸಿನವರು ಕೊಟ್ಟಿದ್ದ, ನೀನು ವಾಪಸ್ ಮಾಡಿದ ಮೊಬೈಲ್ ನಂಬರಿಗೆ! ಮೊದಲು ಹಳೆ ಖಾತೆಯ ಶಾಖೆಗೆ ಹೋಗಿ ನಿನ್ನ ಸ್ವಂತ ನಂಬರನ್ನೂ ಹೊಸ ವಿಳಾಸವನ್ನೂ ಬರೆಸು. ಖಾತೆ ಮುಚ್ಚುವ ಮಾತು ಈಗಲೇ ಬೇಡ.

ಎಲ್ಲರೂ ಸಾಲದ ಕಂತಿಗೆ ಮೊದಲು ಓಡುತ್ತಾರೆ, ಯಾಕೆಂದರೆ ಅಲ್ಲಿ ಕೇಳುವವರಿದ್ದಾರೆ. ನಾನಾದರೆ ವಿಮೆಯನ್ನು ಮೊದಲು ನೋಡುತ್ತೇನೆ, ಅದು ಸದ್ದಿಲ್ಲದೆ ಸಾಯುತ್ತದೆ. ಅದೇ ಖಾತೆಯಿಂದ ನಿನ್ನ ಜೀವವಿಮೆಯ ಕಂತೂ ಹೋಗುತ್ತಿತ್ತಲ್ಲ? ತಿಂಗಳ ಕಂತಾದರೆ 15 ದಿನ, ಮೂರು ತಿಂಗಳಿನದೋ ವರ್ಷದ್ದೋ ಆದರೆ 30 ದಿನ ರಿಯಾಯಿತಿ ಇರುತ್ತದೆ. ಅದು ದಾಟಿದ್ದರೂ ಸಾಮಾನ್ಯ ಪಾಲಿಸಿಯನ್ನು 5 ವರ್ಷದೊಳಗೆ ಮತ್ತೆ ಜೀವಂತ ಮಾಡಿಸಬಹುದು. ಬಾಕಿ ಕಂತು, ಬಡ್ಡಿ, ಆರೋಗ್ಯದ ಘೋಷಣೆ ಕೇಳುತ್ತಾರೆ. ಆರೋಗ್ಯ ವಿಮೆಯ ವಿಷಯ ಇನ್ನೂ ಸೂಕ್ಷ್ಮ. ವರ್ಷದ ಪಾಲಿಸಿ ಮುಗಿದು 30 ದಿನದೊಳಗೆ ದುಡ್ಡು ಕಟ್ಟಿದರೆ ಹಳೆ ಕಾಯಿಲೆಗಳಿಗೆ ನೀನು ಕಾದು ಕಳೆದ ಅವಧಿ ಉಳಿದುಕೊಳ್ಳುತ್ತದೆ, ಆದರೆ ದುಡ್ಡು ಕಟ್ಟದೇ ಇದ್ದ ಆ ನಡುವಿನ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗುವುದಿಲ್ಲ. ಸ್ಕೂಟರ್ ವಿಮೆಗಂತೂ ರಿಯಾಯಿತಿ ಅನ್ನುವುದೇ ಇಲ್ಲ. ಮುಗಿದ ಮಧ್ಯರಾತ್ರಿಯಿಂದ ನೀನು ಕಾನೂನಿನ ಹೊರಗೆ. 90 ದಿನ ದಾಟಿದರೆ ಇಷ್ಟು ವರ್ಷ ಕೂಡಿಟ್ಟ ನೋ ಕ್ಲೇಮ್ ಬೋನಸ್ಸೂ ಹೋಯಿತು.

ಇನ್ನು ಕಂತು. ಚೆಕ್ ಬೌನ್ಸ್ ಅಂದರೆ ಬೆವರುವ ನಮ್ಮ ಜನ ಮ್ಯಾಂಡೇಟ್ ಬೌನ್ಸ್ ಆದರೆ ‘ಏನೋ ಟೆಕ್ನಿಕಲ್ ಪ್ರಾಬ್ಲಂ’ ಅಂದುಕೊಂಡು ಸುಮ್ಮನಿರುತ್ತಾರೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಎರಡೂ ಹೆಚ್ಚುಕಡಿಮೆ ಒಂದೇ. ನೋಟಿಸ್ ಕೊಟ್ಟ ಮೇಲೂ ಕಟ್ಟದಿದ್ದರೆ ಕೇಸು ಹಾಕಬಹುದು. ನಿನ್ನದು ಅಲ್ಲಿಗೆ ಹೋಗುವುದಿಲ್ಲ ಬಿಡು. ಸಾಲ ಕೊಟ್ಟವರ ಶಾಖೆಯಲ್ಲೋ ಅವರದೇ ಆ್ಯಪಿನಲ್ಲೋ ಬಾಕಿ ಕಟ್ಟಿ ರಸೀದಿ ತೆಗೆದುಕೊ. ವಸೂಲಿಯವನು ವಾಟ್ಸಾಪಿನಲ್ಲಿ ಕಳಿಸಿದ ಲಿಂಕನ್ನು ಮಾತ್ರ ಒತ್ತಬೇಡ. ಕಟ್ಟುವ ಮುಂಚೆ ಲೆಕ್ಕದ ಚೀಟಿ ಕೇಳು. ನಿನ್ನ ಬ್ಯಾಂಕು ಒಂದು ರಿಟರ್ನ್ ಚಾರ್ಜ್ ಹಾಕಿರುತ್ತದೆ, ಸಾಲ ಕೊಟ್ಟವರು ಇನ್ನೊಂದು. ಒಂದೇ ಕಂತನ್ನು ಮತ್ತೊಮ್ಮೆ ಕಳಿಸಿ ನೋಡಿದ್ದರೆ ಅದಕ್ಕೂ ಬಿದ್ದಿರಬಹುದು. ದಂಡದ ಮೊತ್ತವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ. ಹೀಗೆ ಕೂತು ಸಾಲು ಸಾಲಾಗಿ ಕೇಳಿದರೆ ಒಂದೆರಡು ಚಾರ್ಜ್ ಬಿಟ್ಟುಕೊಡುವುದೂ ಉಂಟು. ಕೌಂಟರಿನ ಆಚೆ ಇರುವವರಿಗೆ ಜಗಳಗಂಟರಿಗಿಂತ ಲೆಕ್ಕ ಹಿಡಿದು ಬಂದವರ ಮೇಲೆ ಹೆಚ್ಚು ಗೌರವ.

ವಸೂಲಿಯವರು ಹಳೆ ಓನರ್ ಹತ್ತಿರ ನಿನ್ನ ಬಾಕಿ ಎಷ್ಟು ಅಂತ ಹೇಳಿದ್ದು ಮಾತ್ರ ತಪ್ಪು, ಅದನ್ನು ಸುಮ್ಮನೆ ಬಿಡಬೇಡ. ಅವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಸಾಲಗಾರರ ಖಾಸಗಿತನಕ್ಕೆ ಕೈಹಾಕುವಂತಿಲ್ಲ. ಸಾಲ ಕೊಟ್ಟವರಿಗೆ ಬರವಣಿಗೆಯಲ್ಲಿ ದೂರು ಕೊಡು. 30 ದಿನ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಫೀಸಿಲ್ಲ. ಸಿಬಿಲ್ ವರದಿಯನ್ನೂ ತರಿಸು, ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ತಡವಾದದ್ದು ಅಲ್ಲಿ ದಾಖಲಾಗಿರುತ್ತದೆ, ಅದನ್ನು ದುಡ್ಡು ತೆಗೆದುಕೊಂಡು ಅಳಿಸಿಕೊಡುತ್ತೇವೆ ಅನ್ನುವವರು ಮೋಸಗಾರರು. ಕಟ್ಟಿದ ಮೇಲೂ ಬಾಕಿ ಅಂತಲೇ ತೋರಿಸಿದರೆ ಆಗ ತಿದ್ದಿಸು.

ಈಗ ಪತ್ತೆ ಕೆಲಸ. ಹಳೆ ಖಾತೆಯ ಪೂರ್ತಿ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ, ಪೆನ್ಸಿಲ್ ಹಿಡಿದು ಕೂರು. ಮೂರು ತಿಂಗಳದ್ದು ನೋಡಿದರೆ ಸಾಕು ಅನ್ನುತ್ತಾರೆ, ಸಾಲದು. ನಿನ್ನನ್ನು ಕೆಡಿಸುವುದು ವರ್ಷಕ್ಕೊಮ್ಮೆ ಮಾತ್ರ ತಲೆ ಎತ್ತುವ ಕಂತುಗಳು: ಆರೋಗ್ಯ ವಿಮೆ, ಲಾಕರ್ ಬಾಡಿಗೆ, ಯಾವುದೋ ಆ್ಯಪಿನ ವಾರ್ಷಿಕ ಚಂದಾ. ‘ಎಸಿಎಚ್’, ‘ಎಸ್‌ಐ’, ‘ಮ್ಯಾಂಡೇಟ್’ ಅಂತ ಇರುವ ಸಾಲುಗಳಿಗೆಲ್ಲ ಗುರುತು ಹಾಕು. ಕಾರ್ಡಿನಲ್ಲಿ, ಯುಪಿಐ ಆಟೋಪೇಯಲ್ಲಿ ಕೊಟ್ಟ ಒಪ್ಪಿಗೆಗಳು ಬೇರೆಯೇ ಪಟ್ಟಿಯಲ್ಲಿರುತ್ತವೆ, ಆ ಆ್ಯಪುಗಳ ಒಳಗೇ ನೋಡಬೇಕು. ಅವುಗಳಲ್ಲಿ ದುಡ್ಡು ತೆಗೆಯುವ 24 ಗಂಟೆ ಮುಂಚೆ ತಿಳಿಸಬೇಕೆಂಬ ನಿಯಮವಿದೆ. ತಿಳಿಸುವುದು ಯಾವ ನಂಬರಿಗೆ ಅನ್ನುವುದೇ ನಿನ್ನ ತೊಂದರೆ. ಗುರುತು ಹಾಕಿದ್ದನ್ನೆಲ್ಲ ಹೊಸ ಖಾತೆಗೆ ಒಂದೊಂದಾಗಿ ತಂದುಕೊ. ಹೊಸ ಮ್ಯಾಂಡೇಟ್‌ನಿಂದ ಒಂದು ಕಂತಾದರೂ ಹೋಗುವವರೆಗೆ ಅದನ್ನು ನಂಬಿ ಹಳೆಯದನ್ನು ಕೈಬಿಡಬೇಡ, ಅಲ್ಲಿ ಸ್ವಲ್ಪ ದುಡ್ಡು ಇಟ್ಟಿರು. ಹಳೆ ಖಾತೆ ವರ್ಷ ತುಂಬುವವರೆಗೆ ಇರಲಿ.

ಉಲ್ಟಾ ನಷ್ಟವೂ ಇದೆ. ಬಿಟ್ಟು ಬಂದ ಮನೆಯ ಇಂಟರ್ನೆಟ್ಟಿಗೆ ಈಗಲೂ ನಿನ್ನ ಕಾರ್ಡಿನಿಂದ ದುಡ್ಡು ಹೋಗುತ್ತಿದೆ ಅಂತ ಅಕ್ಕ ಹೇಳಿದಳು. ಬರೀ ಮ್ಯಾಂಡೇಟ್ ರದ್ದು ಮಾಡಿ ಕೈತೊಳೆದುಕೊಂಡರೆ ಕನೆಕ್ಷನ್ ನಿನ್ನ ಹೆಸರಿನಲ್ಲೇ ಉಳಿದು ಬಿಲ್ ಬೆಳೆಯುತ್ತದೆ. ರೂಟರ್ ವಾಪಸ್ ಕೊಟ್ಟು, ಮುಚ್ಚಿದ್ದಕ್ಕೆ ಪತ್ರ ಪಡೆದು, ಆಮೇಲೆ ಮ್ಯಾಂಡೇಟ್ ತೆಗೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯದೂ ಇದೇ ಜಾತಿಯ ಕಥೆ. ನಿನ್ನ ಆಧಾರ್ ಇನ್ನೂ ವಿಜಯನಗರದ ಮನೆಯ ಮೀಟರಿಗೇ ಅಂಟಿಕೊಂಡಿದ್ದರೆ ಹೊಸ ಮನೆಯಲ್ಲಿ ಪೂರ್ತಿ ಕರೆಂಟ್ ಬಿಲ್ ಕಟ್ಟುತ್ತಿರುತ್ತೀ. ಸೇವಾ ಸಿಂಧು ಪೋರ್ಟಲಿನಲ್ಲಿ ಹಳೆ ಮೀಟರನ್ನು ಡಿ-ಲಿಂಕ್ ಮಾಡಿ ಹೊಸ ಮನೆಯ ಮೀಟರಿಗೆ ಅರ್ಜಿ ಹಾಕು.

ವಿಮೆಯ ಕೆಲಸ ಆದ ದಿನವೇ ನನಗೊಂದು ಫೋನ್ ಮಾಡು. ಸ್ಟೇಟ್‌ಮೆಂಟಿನಲ್ಲಿ ಅರ್ಥವಾಗದ ಸಾಲುಗಳಿದ್ದರೆ ಫೋಟೋ ತೆಗೆದು ಕಳಿಸು, ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಅಮ್ಮನಿಗೆ ಬಿ.ಪಿ. ಇದೆ, ವಸೂಲಿಯವರ ಸುದ್ದಿಯನ್ನು ಇನ್ನು ಮುಂದೆ ನನಗೇ ಹೇಳು.

ಇಂತಿ ನಿನ್ನ ಮಾವ,
ಶಿವಮೊಗ್ಗ