ಅಂಬಾಸಿಡರ್‌ನ ಶ್ಯಾಕಲ್ ಪ್ಲೇಟು ಕಲಿಸಿದ ಪಾಠ

ಸ್ಟ್ರೆಸ್ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸುವುದು ಎಂದು ಪ್ರಥಮ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ನಿಜವಾಗಿ ಅರ್ಥವಾದದ್ದು ಈ ರಜೆಯಲ್ಲಿ, ನಾಗಸಂದ್ರದ ನಮ್ಮ ಮನೆಯ ಮುಂದೆ.

ನಮ್ಮದು ದಾದಾ ಕಾಲದ ಅಂಬಾಸಿಡರ್. ದಾದಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇದರಲ್ಲೇ. ಹಂಪ್ ಹತ್ತಿದಾಗಲೆಲ್ಲ ಹಿಂದಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು. ನೋಡಿದರೆ ಶ್ಯಾಕಲ್ ಪ್ಲೇಟಿನ ತೂತುಗಳು ಸವೆದು ಮೊಟ್ಟೆಯಾಕಾರವಾಗಿದ್ದವು. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಹುಡುಕಿದ ಕಡೆ ಪ್ಲೇಟು ಸಿಗಲಿಲ್ಲ. ಪೀಣ್ಯದಲ್ಲಿ ಲೇತ್ ಕೆಲಸ ಮಾಡುವ ಅಬ್ಬ, "ನೀನೇ ಮಾಡು, ನಾನು ನೋಡ್ತೀನಿ" ಎಂದರು.

ಶ್ಯಾಕಲ್‌ನ ಕೆಲಸವೇನು? ಹಿಂದಿನ ಲೀಫ್ ಸ್ಪ್ರಿಂಗ್ ಬಿಲ್ಲಿನಂತೆ ಬಾಗಿರುತ್ತದೆ. ಭಾರ ಬಿದ್ದರೆ ಅದು ನೆಟ್ಟಗಾಗುತ್ತದೆ, ಎರಡು ತುದಿಗಳ ನಡುವಿನ ದೂರ ಹೆಚ್ಚುತ್ತದೆ. ಮುಂದಿನ ತುದಿ ಬಾಡಿಗೆ ಕೂಡಿರುವುದರಿಂದ ಹಿಂದಿನ ತುದಿಗೆ ಜಾಗ ಬೇಕು. ಉಯ್ಯಾಲೆಯಂತೆ ತೂಗಿ ಆ ಜಾಗ ಕೊಡುವ ಜೋಡಿ ಪ್ಲೇಟೇ ಶ್ಯಾಕಲ್.

ಮೊದಲು ಲೆಕ್ಕ. ಹಿಂದಿನ ಒಂದು ಚಕ್ರದ ಮೇಲೆ 400 ಕೆಜಿ, ಅಂದರೆ ಸುಮಾರು 4000 ನ್ಯೂಟನ್ ಎಂದುಕೊಳ್ಳೋಣ. ಸ್ಪ್ರಿಂಗಿನ ಒಂದು ತುದಿಗೆ 2000, ಒಂದು ಪ್ಲೇಟಿಗೆ 1000. ಪ್ಲೇಟಿನ ಅಗಲ 40 ಮಿಮೀ, ತೂತು 12 ಮಿಮೀ, ದಪ್ಪ 6 ಮಿಮೀ. ತೂತಿನ ಬಳಿ ಉಳಿಯುವ ವಿಸ್ತೀರ್ಣ 28 × 6 = 168 ಚದರ ಮಿಮೀ. ಸ್ಟ್ರೆಸ್ ಸುಮಾರು 6. ಗುಂಡಿಗೆ ಬಿದ್ದಾಗ ಬಲ ನಾಲ್ಕು ಪಟ್ಟಾದರೆ 24. ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟು ಎಂದರೆ 72. ಮೈಲ್ಡ್ ಸ್ಟೀಲ್ ಶಾಶ್ವತವಾಗಿ ಬಾಗಲು ಸುಮಾರು 250 ಬೇಕು. ಹಾಗಾದರೆ ಗೆದ್ದೆ ಎಂದುಕೊಂಡೆ.

ಹ್ಯಾಕ್ಸಾದಲ್ಲಿ ಕತ್ತರಿಸಿ, ಅರ ಹಾಕಿ, ಪಂಚ್ ಗುರುತು ಮಾಡಿ ಎರಡೂ ಪ್ಲೇಟಿಗೆ ಬೇರೆ ಬೇರೆಯಾಗಿ ತೂತು ಕೊರೆದೆ. ಅಬ್ಬ ಎರಡನ್ನೂ ಒಂದರ ಮೇಲೊಂದಿಟ್ಟು ಒಂದು ತೂತಿಗೆ ಬೋಲ್ಟ್ ತೂರಿಸಿದರು. ಇನ್ನೊಂದು ತೂತಿನೊಳಗೆ ಕೆಳಗಿನ ಪ್ಲೇಟಿನ ಅಂಚು ಎಳೆಚಂದ್ರನಂತೆ ಇಣುಕಿತು. ಒಂದೂವರೆ ಮಿಮೀ ವ್ಯತ್ಯಾಸ! "ಬೋಲ್ಟ್ ಓರೆಯಾಗಿ ಕೂರುತ್ತೆ, ಬುಷ್ ಒಂದೇ ಕಡೆ ಸವೆಯುತ್ತೆ. ಹಳೇ ಸದ್ದು ಮತ್ತೆ ಬರುತ್ತೆ" ಎಂದು ಅದನ್ನು ಗುಜರಿ ಡಬ್ಬಕ್ಕೆ ಹಾಕಿದರು. ನನ್ನ ಲೆಕ್ಕ ಸರಿಯಿತ್ತು, ಪ್ಲೇಟು ಸರಿಯಿರಲಿಲ್ಲ.

ಎರಡನೇ ಸಲ ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ, ಮೊದಲು 5 ಮಿಮೀ, ಆಮೇಲೆ 12 ಮಿಮೀ ಡ್ರಿಲ್ ಬಿಟ್ ಹಾಕಿದೆ. ಕೂಡಿತು.

ಅಬ್ಬ ಹೇಳಿಕೊಟ್ಟ ಇನ್ನಷ್ಟು:

1. ತಲೆಯ ಮೇಲೆ ಗುರುತಿಲ್ಲದ ಬೋಲ್ಟ್ ಬೇಡ. 8.8 ಎಂದಿದ್ದರೆ ತುಂಡಾಗಲು ಚದರ ಮಿಮೀಗೆ ಸುಮಾರು 800 ನ್ಯೂಟನ್ ಬೇಕು, ಅದರ 0.8 ಭಾಗ, ಅಂದರೆ 640ರವರೆಗೆ ಶಾಶ್ವತವಾಗಿ ಹಿಗ್ಗುವುದಿಲ್ಲ.
2. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಇರಲೇಬೇಕು.
3. ಕಾರು ಚಕ್ರದ ಮೇಲೆ ನಿಂತ ಮೇಲೆಯೇ ಬೋಲ್ಟಿನ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ.
4. ಸ್ಪ್ರಿಂಗ್ ಪಟ್ಟಿ, ಬಾಲ್ ಜಾಯಿಂಟ್, ಸ್ಟೀರಿಂಗ್ ಭಾಗ ಮನೆಯಲ್ಲಿ ಮಾಡುವಂಥದ್ದಲ್ಲ. ಸ್ಪ್ರಿಂಗಿಗೆ ವೆಲ್ಡಿಂಗ್ ಅಂತೂ ಬೇಡವೇ ಬೇಡ. ಆ ಕಾವಿಗೆ ಉಕ್ಕಿನ ಹದ ಕೆಟ್ಟು ಅಲ್ಲೇ ಮುರಿಯುತ್ತದೆ.

ಮಾರನೇ ವಾರ ದಾದಿ ಹಿಂದೆ ಕೂತರು. ಹಂಪ್ ಬಂತು. ನಾನು ಉಸಿರು ಬಿಗಿಹಿಡಿದೆ. ಸದ್ದಿಲ್ಲ. ದಾದಿ ಗಮನಿಸಲೇ ಇಲ್ಲ, ಅಬ್ಬ ಮಾತ್ರ ಕನ್ನಡಿಯಲ್ಲಿ ನನ್ನತ್ತ ನೋಡಿ ನಕ್ಕರು.

ನಿಮಗೊಂದು ಲೆಕ್ಕ: ಮೇಲಿನ ಪ್ಲೇಟಿನಲ್ಲಿ ತೂತು 20 ಮಿಮೀ ಆದರೆ ಮೊದಲ ಸ್ಟ್ರೆಸ್ ಎಷ್ಟಾಗುತ್ತದೆ?