ಕಾಲವನ್ನು ದಾಟಿದವನು ದೇವನಾಗುವನೇ?



ಕಾಲೇಜಿನಲ್ಲಿ ಕಲಿಯುತ್ತಿರುವ ಯುವಕನೊಬ್ಬ ಜುಮಾ ನಮಾಝ್‌ನ ಬಳಿಕ ನನ್ನನ್ನು ತಡೆದು ನಿಲ್ಲಿಸಿ ಕೇಳಿದ: "ಉಸ್ತಾದ್, ಒಬ್ಬ ಮನುಷ್ಯ ಯಂತ್ರದಲ್ಲಿ ಕುಳಿತು ನೂರು ವರ್ಷ ಮುಂದಕ್ಕೂ ಹಿಂದಕ್ಕೂ ಹೋಗಿಬರುತ್ತಾನೆಂದು ಭಾವಿಸಿ. ಅವನಿಗೆ ನಾಳೆ ಆಗುವುದೆಲ್ಲ ಗೊತ್ತಿರುತ್ತದೆ. ನಿನ್ನೆ ಆದುದನ್ನು ಬದಲಾಯಿಸಲೂಬಹುದು. ಹಾಗಾದರೆ ಅವನಿಗೂ ದೇವನಿಗೂ ಏನು ವ್ಯತ್ಯಾಸ?"

ಜೊತೆಗಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯ ಒಡಲಲ್ಲಿ ಇನ್ನೊಂದು ಪ್ರಶ್ನೆಯಿದೆ. ನಾವು ದೇವನೆಂದು ಕರೆಯುವುದು ಯಾರನ್ನು? ನಮಗಿಂತ ಹೆಚ್ಚು ಬಲ್ಲವನನ್ನೇ? ನಮ್ಮಿಂದಾಗದ್ದನ್ನು ಮಾಡಿ ತೋರಿಸುವವನನ್ನೇ? ಉತ್ತರ ಹೌದೆಂದಾದರೆ ನಮ್ಮ ಹಣೆ ಯಾರ ಯಾರ ಮುಂದೆಲ್ಲ ಬಾಗೀತೆಂದು ಹೇಳಲಾಗದು. ಆದ್ದರಿಂದ ಈ ವಿಷಯವನ್ನು ಸಾವಧಾನವಾಗಿ ಪರಿಶೀಲಿಸೋಣ.

ವಿಜ್ಞಾನ ಹೇಳುವುದೇನು?

ಆಂಗ್ಲ ಸಾಹಿತಿ ಎಚ್.ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ 'ದ ಟೈಮ್ ಮೆಷಿನ್' ಕಾದಂಬರಿಯಿಂದ ಕಾಲಯಂತ್ರದ ಕಲ್ಪನೆ ಜನಪ್ರಿಯವಾಯಿತು. ಹತ್ತು ವರ್ಷಗಳ ಬಳಿಕ, 1905ರಲ್ಲಿ ಐನ್‌ಸ್ಟೈನ್, ಕಾಲವು ಎಲ್ಲರಿಗೂ ಒಂದೇ ವೇಗದಲ್ಲಿ ಹರಿಯುವುದಿಲ್ಲವೆಂದು ತೋರಿಸಿಕೊಟ್ಟರು. 1971ರಲ್ಲಿ ಹಫೇಲೆ ಮತ್ತು ಕೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿರಿಸಿ ಭೂಮಿಗೆ ಸುತ್ತು ಹಾಕಿದರು. ಪೂರ್ವಕ್ಕೆ ಸಾಗಿದಾಗ ಆ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದವು. ಪಶ್ಚಿಮಕ್ಕೆ ಸಾಗಿದಾಗ ಸುಮಾರು 273 ನ್ಯಾನೋಸೆಕೆಂಡ್ ಮುಂದೆ ಹೋದವು. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ.

ಅಂದರೆ ಇತರರಿಗಿಂತ ಕೊಂಚ ಬೇಗ ಭವಿಷ್ಯವನ್ನು ತಲುಪುವುದು ಅಸಾಧ್ಯವಲ್ಲ. ಭೂತಕಾಲಕ್ಕೆ ಮರಳಿದವರು ಮಾತ್ರ ಈವರೆಗೆ ಯಾರೂ ಇಲ್ಲ. ಆದರೂ ವಾದಕ್ಕಾಗಿ ಅದನ್ನೂ ಒಪ್ಪಿಕೊಳ್ಳೋಣ. ಈಗ ಆ ಯಾತ್ರಿಕನನ್ನು ಸರಿಯಾಗಿ ನೋಡಿರಿ. ಅವನು ಕಾಲದ ನಿಯಮವನ್ನು ಬಳಸಿಕೊಂಡನೇ ಹೊರತು ಆ ನಿಯಮವನ್ನು ರಚಿಸಲಿಲ್ಲ. ನೂರು ವರ್ಷ ಹಾರಿದರೂ ಅವನ ಕೈಗಡಿಯಾರ ಓಡುತ್ತಲೇ ಇದೆ, ಕೂದಲು ನರೆಯುತ್ತಲೇ ಇದೆ. ಯಂತ್ರ ಕೆಟ್ಟರೆ ಅವನು ಅಲ್ಲಿಯೇ ಬಾಕಿ. ನಾಳೆಯ ಬಗ್ಗೆ ಅವನಿಗಿರುವ ಅರಿವು, ಮುಂಬಯಿಗೆ ಹೋಗಿ ಬಂದವನು ಮುಂಬಯಿಯ ಸುದ್ದಿ ಹೇಳಿದಂತೆ. ಹೋದದ್ದರಿಂದ ತಿಳಿಯಿತು. ಹೋಗದಿದ್ದರೆ ತಿಳಿಯುತ್ತಿರಲಿಲ್ಲ.

ಅಲ್ಲಾಹನ ಅರಿವು ಹೀಗೆ ಎಲ್ಲಿಂದಲೋ ಗಳಿಸಿದ ಅರಿವಲ್ಲ. ಅವನು ಕಾಲದೊಳಗೆ ಸಂಚರಿಸುವ ಯಾತ್ರಿಕನಲ್ಲ. ರಾತ್ರಿ ಹಗಲುಗಳು ಅವನ ಸೃಷ್ಟಿ. ಅಲ್ ಇಖ್ಲಾಸ್ ಅಧ್ಯಾಯವು ಅವನಿಗೆ 'ಅಸ್ಸಮದ್' ಎಂಬ ಹೆಸರನ್ನು ನೀಡಿದೆ. ಯಾರ ಅವಲಂಬನೆಯೂ ಇಲ್ಲದವನು, ಸರ್ವರೂ ಅವಲಂಬಿಸಿರುವವನು ಎಂದು ಅದರರ್ಥ. ಯಂತ್ರವನ್ನು ಅವಲಂಬಿಸಿದವನು ಎಷ್ಟು ದೂರ ಹೋದರೂ ಸಮದ್ ಆಗಲಾರ.

ಹಸಿದ ಯಾತ್ರಿಕರು

ಪವಿತ್ರ ಕುರ್‌ಆನ್‌ನಲ್ಲಿ ಕಾಲವನ್ನು ದಾಟಿ ಬಂದವರ ವೃತ್ತಾಂತಗಳಿವೆಯೆಂಬುದನ್ನು ನೀವು ಗಮನಿಸಿರುವಿರಾ? ಅಲ್ ಕಹ್ಫ್ ಅಧ್ಯಾಯದಲ್ಲಿ ವಿವರಿಸಲಾದ ಗುಹಾವಾಸಿ ಯುವಕರ ನಿದ್ರೆಯ ಅವಧಿ ಮುನ್ನೂರು ಮತ್ತು ಒಂಭತ್ತು ವರ್ಷಗಳೆಂದು ಅಲ್ಲಿ ಉಲ್ಲೇಖವಿದೆ. ಎಚ್ಚೆತ್ತಾಗ ಅವರಿಗೆ ಒಂದು ದಿನ ಮಲಗಿದಂತೆ ಭಾಸವಾಯಿತು. ಮೂರು ಶತಮಾನ ದಾಟಿ ಬಂದವರು ಮೊದಲು ಮಾಡಿದ್ದೇನು? ತಮ್ಮಲ್ಲೊಬ್ಬನ ಕೈಗೆ ಬೆಳ್ಳಿ ನಾಣ್ಯ ಕೊಟ್ಟು, ಶುದ್ಧವಾದ ಆಹಾರ ತರಲೆಂದು ಪೇಟೆಗೆ ಕಳುಹಿಸಿದರು!

ಅಲ್ ಬಕರಃ ಅಧ್ಯಾಯದಲ್ಲಿ ಇನ್ನೊಬ್ಬರ ಪ್ರಸ್ತಾಪವಿದೆ. ಪಾಳು ಬಿದ್ದ ಪಟ್ಟಣವನ್ನು ಕಂಡು, ಇದಕ್ಕೆ ಮತ್ತೆ ಜೀವ ಬರುವುದು ಹೇಗೆಂದು ಬೆರಗಾದವರು ಅವರು. ಅಲ್ಲಾಹನು ಅವರನ್ನು ನೂರು ವರ್ಷ ಮರಣಾವಸ್ಥೆಯಲ್ಲಿರಿಸಿ ಎಬ್ಬಿಸಿದನು. ಅವರ ಆಹಾರ ಕೆಟ್ಟಿರಲಿಲ್ಲ. ಕತ್ತೆಯ ಎಲುಬುಗಳಿಗೆ ಅವರ ಕಣ್ಣೆದುರೇ ಮಾಂಸ ತುಂಬಿತು. ಇಷ್ಟೆಲ್ಲ ಕಂಡವರು ತಮ್ಮ ಹಿರಿಮೆಯನ್ನು ಸಾರಲಿಲ್ಲ. ಅಲ್ಲಾಹನು ಎಲ್ಲಕ್ಕೂ ಸಮರ್ಥನೆಂದು ಒಪ್ಪಿಕೊಂಡರು. ಕಾಲ ದಾಟಿದ ಅನುಭವವು ಅವರನ್ನು ಇನ್ನಷ್ಟು ವಿನೀತ ದಾಸರನ್ನಾಗಿಸಿತು.

ಎರಡು ಗ್ರಹಣಗಳು

ಹಾಗಾದರೆ ನಾಳೆಯನ್ನು ಬಲ್ಲವನು ಬಲ್ಲದವರ ನಡುವೆ ಬಂದರೆ ಏನಾದೀತು? ಇದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. 1503ರಲ್ಲಿ ಕೊಲಂಬಸ್‌ನ ಹಡಗುಗಳು ಕೆಟ್ಟು, ಅವನು ಜಮೈಕಾ ದ್ವೀಪದಲ್ಲಿ ಸಿಲುಕಿಕೊಂಡನು. ಕಾಲಕ್ರಮೇಣ ಅಲ್ಲಿನ ನಿವಾಸಿಗಳು ಅವನ ಜನರಿಗೆ ಆಹಾರ ಕೊಡುವುದನ್ನು ನಿಲ್ಲಿಸಿದರು. ಅವನ ಬಳಿ ಖಗೋಳ ಪಂಚಾಂಗವೊಂದಿತ್ತು. 1504ರ ಫೆಬ್ರವರಿ 29ರ ರಾತ್ರಿ ಚಂದ್ರಗ್ರಹಣವಾಗಲಿದೆಯೆಂದು ಅದರಿಂದ ಅವನಿಗೆ ತಿಳಿದಿತ್ತು. ತನ್ನ ದೇವರು ನಿಮ್ಮ ಮೇಲೆ ಕೋಪಗೊಂಡಿದ್ದಾನೆ, ಇಂದು ಚಂದ್ರನಲ್ಲಿ ಅದರ ಗುರುತು ಕಾಣುವಿರಿ ಎಂದು ಅವನು ಅವರನ್ನು ಬೆದರಿಸಿದನು. ಚಂದ್ರ ಕೆಂಪಾದಾಗ ಆ ಬಡಜನರು ಗೋಳಿಡುತ್ತಾ ಆಹಾರ ಹೊತ್ತು ತಂದರು. ಕೈಯಲ್ಲಿದ್ದುದು ಪುಸ್ತಕದ ಒಂದು ಲೆಕ್ಕ. ಅದನ್ನು ಅವನು ದೈವಿಕ ಅಧಿಕಾರದಂತೆ ಮೆರೆಸಿದನು.

ಅದಕ್ಕೆ ಸುಮಾರು ಒಂಭತ್ತು ಶತಮಾನಗಳ ಹಿಂದೆ, ಹಿಜ್ರಿ 10ನೇ ವರ್ಷದಲ್ಲಿ ಮದೀನದಲ್ಲಿ ಪ್ರವಾದಿವರ್ಯರ(ಸ) ಪುಟ್ಟ ಮಗು ಇಬ್ರಾಹೀಮ್ ತೀರಿಕೊಂಡಿತು. ಅದೇ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕಾಗಿ ಸೂರ್ಯನೇ ಕಪ್ಪಾದನೆಂದು ಜನರು ಆಡಿಕೊಂಡರು. ಬಯಸಿದ್ದರೆ ಸುಮ್ಮನಿರಬಹುದಿತ್ತು. ಪ್ರವಾದಿ(ಸ) ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಮರಣಕ್ಕಾಗಲಿ ಜನನಕ್ಕಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಮಗನನ್ನು ಕಳಕೊಂಡ ದುಃಖದಲ್ಲಿಯೂ, ತಮಗೆ ಸಲ್ಲದ ಮಹಿಮೆಯನ್ನು ಅವರು ತಮ್ಮ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದರು.

ಇನ್ನೊಮ್ಮೆ ಮದುವೆಯ ಮನೆಯಲ್ಲಿ ಹುಡುಗಿಯರು ದಫ್ ಬಾರಿಸಿ ಹಾಡುತ್ತಿದ್ದರು. ನಾಳೆಯನ್ನು ಬಲ್ಲ ಪ್ರವಾದಿ ನಮ್ಮಲ್ಲಿದ್ದಾರೆಂದು ಒಬ್ಬಳು ಹಾಡಿದಳು. ಪ್ರವಾದಿ(ಸ) ಆ ಮಾತನ್ನು ಬಿಡುವಂತೆ ಹೇಳಿ, ಮೊದಲು ಹಾಡುತ್ತಿದ್ದುದನ್ನೇ ಮುಂದುವರಿಸಲು ತಿಳಿಸಿದರು. ಹಾಡನ್ನು ತಡೆಯಲಿಲ್ಲ, ಆ ಒಂದು ಮಾತನ್ನು ಮಾತ್ರ ತಡೆದರು. ಅಲ್ಲಾಹನು ತಿಳಿಸಿದಷ್ಟೇ ಪ್ರವಾದಿಗಳಿಗೂ ತಿಳಿದಿರುತ್ತದೆ. ಅಗೋಚರ ಜ್ಞಾನದ ಒಡೆತನ ಅವನೊಬ್ಬನದು.

ನಮ್ಮ ಮನೆಯಂಗಳದಲ್ಲಿ

ಸಹೋದರ ಸಹೋದರಿಯರೇ, ಕಾಲಯಂತ್ರದಿಂದ ಇಳಿದು ಬರುವವನಿಗೆ ನೀವು ಸುಜೂದ್ ಮಾಡಲಾರಿರಿ. ಆದರೆ ಮಗಳ ಮದುವೆ ತಡವಾದಾಗ, ವ್ಯಾಪಾರ ಕುಸಿದಾಗ, ನಾಳೆಯನ್ನು ಬಲ್ಲೆನೆಂದು ಹೇಳಿಕೊಳ್ಳುವವನ ಮನೆ ಬಾಗಿಲಿಗೆ ಹೋಗುವವರು ನಮ್ಮಲ್ಲಿಲ್ಲವೇ? ಭವಿಷ್ಯ ಹೇಳುವವನ ಬಳಿ ಹೋಗಿ ಕೇಳಿದವನ ನಲ್ವತ್ತು ದಿನಗಳ ನಮಾಝ್ ಸ್ವೀಕಾರವಾಗದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ತೌಹೀದ್ ಕೈತಪ್ಪುವುದು ದೊಡ್ಡ ದೊಡ್ಡ ವಾದಗಳಲ್ಲಲ್ಲ, ಇಂತಹ ಸಣ್ಣ ಭಯಗಳಲ್ಲಿ.

ಆ ಯುವಕನಿಗೆ ನಾನು ಇಷ್ಟನ್ನು ವಿವರಿಸಿದೆ. ಅವನು ತುಸು ಹೊತ್ತು ಸುಮ್ಮನಿದ್ದು ಬಳಿಕ ಮೆಲ್ಲನೆ ಹೇಳಿದ: "ಅಪ್ಪ ತೀರಿಹೋಗುವ ಹಿಂದಿನ ದಿನ ಮಾತು ಬಿಟ್ಟಿದ್ದೆ, ಉಸ್ತಾದ್. ಒಂದು ದಿನ ಹಿಂದಕ್ಕೆ ಹೋಗಲಿಕ್ಕೆ ಆಗಿದ್ದರೆ..."

ಅವನು ಹುಡುಕುತ್ತಿದ್ದುದು ಇನ್ನೊಬ್ಬ ದೇವನನ್ನಲ್ಲವೆಂದು ಆಗ ನನಗೆ ಅರ್ಥವಾಯಿತು. ಅವನಿಗೆ ಬೇಕಿದ್ದುದು ಮುಚ್ಚಿಹೋದ ಒಂದು ದಿನ. 'ಹೀಗೆ ಮಾಡಿದ್ದರೆ' ಎಂಬ ಮಾತು ಶೈತಾನನಿಗೆ ಬಾಗಿಲು ತೆರೆಯುತ್ತದೆಂದು ಹದೀಸ್ ತಿಳಿಸುತ್ತದೆ. ಆದರೆ ನಿನ್ನೆಗಾಗಿ ಇಂದು ಮಾಡಬಹುದಾದ ಕೆಲಸಗಳನ್ನು ಇಸ್ಲಾಮ್ ಮುಚ್ಚಿಟ್ಟಿಲ್ಲ. ಪ್ರಾಮಾಣಿಕ ತೌಬಾವು ಹಿಂದಿನ ಪಾಪವನ್ನು ಅಳಿಸುತ್ತದೆ. ಮನುಷ್ಯನು ಸತ್ತಾಗ ಅವನ ಕರ್ಮಗಳು ನಿಂತುಹೋದರೂ ಮೂರು ಉಳಿಯುತ್ತವೆ: ಹರಿಯುತ್ತಿರುವ ದಾನ, ಪ್ರಯೋಜನಕರ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಯಾವ ಯಂತ್ರವೂ ಆ ತಂದೆಯ ಬಳಿಗೆ ಅವನನ್ನು ಒಯ್ಯಲಾರದು. ಅವನ ದುಆ ಮಾತ್ರ ತಂದೆಗೆ ತಲುಪುತ್ತದೆ.

ಓದುಗರೇ, ನಿಮ್ಮ ತಂದೆ ತಾಯಿ ಬದುಕಿದ್ದರೆ ಇಂದೇ ಅವರ ಬಳಿ ಹೋಗಿ ಮಾತನಾಡಿರಿ. ತೀರಿಕೊಂಡಿದ್ದರೆ ಇಂದೇ ಕೈಯೆತ್ತಿ ಅವರಿಗಾಗಿ ಪ್ರಾರ್ಥಿಸಿರಿ. ನಾಳೆ ನಮ್ಮ ಕೈಯಲ್ಲಿಲ್ಲ. ಅದು ಯಾರ ಕೈಯಲ್ಲಿದೆಯೋ ಅವನು ಮಾತ್ರ ನಮ್ಮ ಆರಾಧನೆಗೆ ಅರ್ಹನು.