ನಿಧಾನವಾದ ನಡೆಗೆ ಎರಡು ಕಾರಣಗಳು



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳಲ್ಲಿ ಅಡಿಕೆ ಸುಲಿಯುವ ಕಾಲ ಬಂದಾಗ, ಬಹುವರ್ಷ ಮೆಟ್ಟುಕತ್ತಿಯ ಮುಂದೆ ಕೂತ ಹಿರಿಯರೊಬ್ಬರು ಕೈನಡುಕದ ದೆಸೆಯಿಂದ ಜಗಲಿಯಲ್ಲೇ ಉಳಿಯುವದುಂಟು. ವೈದ್ಯರು ಅದನ್ನು ಪಾರ್ಕಿನ್ಸನ್ ಕಾಯಿಲೆಯೆಂದು ತಿಳಿಸಿದ ಮೇಲೆ, ಅನಂತರದ ಪ್ರತಿಯೊಂದು ಬಳಲಿಕೆಯನ್ನೂ ಮನೆಯವರು ಅದರ ಲೆಕ್ಕಕ್ಕೇ ಸೇರಿಸುತ್ತಾರೆ. ಇದು ಯಾವಾಗಲೂ ಸರಿಯಲ್ಲ.

ಈ ಕಾಯಿಲೆಯನ್ನು 1817ರಲ್ಲಿ ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನನು ವಿವರಿಸಿ ಬರೆದನು. ಆಯುರ್ವೇದದವರು ಇಂಥದನ್ನು ಕಂಪವಾತವೆನ್ನುತ್ತಾರೆ. ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಉತ್ಪತ್ತಿಮಾಡುವ ಜೀವಕೋಶಗಳು ನಶಿಸುವದರಿಂದ ನಡುಕ, ಬಿಗಿತ, ನಿಧಾನಗತಿಗಳು ಉಂಟಾಗುತ್ತವೆ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ರೋಗವು ಬೇರೆಯೇ. ನಮ್ಮ ಚಿಕ್ಕಮಗಳೂರು ಜಿಲ್ಲೆಯು ಗಳಗಂಡಕ್ಕೆ ಹೆಸರಾಗಿದ್ದ ಸೀಮೆ. ಅಯೋಡಿನ್ನಿನ ಕೊರತೆಯೇ ಅದಕ್ಕೆ ಮುಖ್ಯ ಕಾರಣ. 1962ರಲ್ಲಿ ಸರಕಾರವು ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ ಅಯೋಡಿನ್ ಉಪ್ಪನ್ನು ಒದಗಿಸಿತು. ಆದರೂ ಆ ಉಪ್ಪನ್ನು ತಿನ್ನುವವರಲ್ಲಿಯೂ ಬೇರೆ ಕಾರಣಗಳಿಂದ ಗ್ರಂಥಿಯು ಕೆಡಬಹುದು.

ಗ್ರಂಥಿಯ ರಸವು ಕಡಿಮೆಯಾದರೆ ಬಳಲಿಕೆ, ಮಲಬದ್ಧತೆ, ಮನಸ್ಸಿನ ಮಂಕು, ನಿಧಾನಗತಿಗಳು ಬರುವವು. ಪಾರ್ಕಿನ್ಸನ್ ಕಾಯಿಲೆಯಲ್ಲಿಯೂ ಇವೇ ಇವೆ. ರಸವು ಹೆಚ್ಚಾದರೆ ಕೈನಡುಕ, ಎದೆಬಡಿತ, ತೂಕದ ಇಳಿತ ಬರುವವು. ಪಾರ್ಕಿನ್ಸನ್ ನಡುಕವು ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ, ಕೈ ಸುಮ್ಮನಿರುವಾಗ ಆರಂಭವಾಗುತ್ತದೆ. ಥೈರಾಯ್ಡಿನ ಸಣ್ಣ ನಡುಕವು ಚಾಚಿದ ಎರಡೂ ಕೈಗಳಲ್ಲಿ ಕಾಣುತ್ತದೆ. ಎರಡು ರೋಗಗಳೂ ಒಬ್ಬರಲ್ಲಿಯೇ ಇದ್ದರೆ ಒಂದು ಮತ್ತೊಂದರ ಮರೆಯಲ್ಲಿ ಅಡಗುವದು. ಪಾರ್ಕಿನ್ಸನ್ ಕಾಯಿಲೆಯನ್ನು ಪೂರ್ಣವಾಗಿ ಗುಣಪಡಿಸುವ ಔಷಧವು ಇನ್ನೂ ಇಲ್ಲ. ಥೈರಾಯ್ಡ್ ರಸದ ಕೊರತೆಯನ್ನೋ ದಿನಕ್ಕೊಂದು ಮಾತ್ರೆಯು ತುಂಬಬಲ್ಲದು. ಆದದರಿಂದ ಮರೆಯಲ್ಲಿರುವದನ್ನು ಹುಡುಕದೆ ಬಿಡುವದು ದೊಡ್ಡ ನಷ್ಟ.

ನಾವು ಮಾಡತಕ್ಕದ್ದೇನಂದರೆ:

1. ರೋಗಿಯ ಬಳಲಿಕೆಯು ಹೆಚ್ಚಿದಾಗ ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆಯ ವಿಷಯವಾಗಿ ವೈದ್ಯರನ್ನು ಕೇಳಿರಿ.

2. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ಕೊಡಿರಿ. ಕಾಫಿಗೆ ಅರ್ಧ ತಾಸಾದರೂ ತಡೆಯಿರಿ. ಕಬ್ಬಿಣದ ಇಲ್ಲವೆ ಸುಣ್ಣಾಂಶದ ಮಾತ್ರೆಗೂ ಇದಕ್ಕೂ ನಾಲ್ಕು ತಾಸುಗಳ ಅಂತರವಿರಲಿ.

3. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪವನ್ನು ಎಂದಿಗೂ ಥಟ್ಟನೆ ನಿಲ್ಲಿಸಬೇಡಿರಿ. ನಸುಗುನ್ನಿ ಬೀಜದಲ್ಲಿಯೂ ಅದೇ ದ್ರವ್ಯವಿರುವದರಿಂದ, ವೈದ್ಯರಿಗೆ ತಿಳಿಸದೆ ಅದರ ಪುಡಿಯನ್ನು ಕೊಡಬಾರದು.

ಜಗಲಿಯ ಮೇಲೆ ಮೌನವಾಗಿ ಕೂತವರನ್ನು ಸೋಮಾರಿಯೆಂದು ಜರೆಯಬೇಡಿರಿ, ಮುಪ್ಪೆಂದು ಕೈಬಿಡಲೂಬೇಡಿರಿ. ಒಂದು ಸಣ್ಣ ಪರೀಕ್ಷೆಯಿಂದ ಅವರ ಭಾರದಲ್ಲಿ ಒಂದು ಪಾಲಾದರೂ ಇಳಿಯಬಹುದು.